ದಿಲ್ಲಿ ದುಡ್ಡಿನ ಬಾಟ್ಲಿ

ಸಂತೇಬೆನ್ನೂರಿನ ಗಿಡ್ಡಪ್ಪನಿಗೆ ಬಾಯಿ ಇರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತನೆಂದರೆ ಸರ್ಕಾರ ಬಿದ್ದದ್ದು ಯಾಕೆ, ಅಡಿಕೆ ರೇಟು ಬಿದ್ದದ್ದು ಯಾಕೆ, ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಕೊಡುತ್ತಿದ್ದ. ಅಂಥ ಬಾಯಿ, ಆಡಲೇಬೇಕಾದ ಒಂದೇ ಒಂದು ಮಾತು ಎದುರಿಗೆ ಬಂದಾಗ ಮುಚ್ಚಿಕೊಂಡಿತು. ಅದರ ಫಲವಾಗಿ ನೆಂಟರು ನಮ್ಮ ಬೀದಿಗೆ ಬಂದು, ಬದುಕಿದ್ದವರ ಮುಂದೆಯೇ ಕೂತು ಹೆಣದ ಮುಂದೆ ಅಳುವ ಅಳು ಅತ್ತರು.

ಅದು ಎಪ್ಪತ್ತೊಂಬತ್ತನೇ ಇಸವಿ, ಅಡಿಕೆ ಬೇಯಿಸುವ ಕಾಲ. ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಡಾಕ್ಟರ್ ಶಂಕರಮ್ಮ ಬಂದು ವರ್ಷವಾಗಿತ್ತು. ಜಗಳೂರು ಕಡೆಯ ಬಿಳಿಚೋಡಿನವರು. ಮದುವೆಯಾಗಿರಲಿಲ್ಲ, ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌವ್ ಹಚ್ಚಿ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಪಟ್ಟಣದ ಶ್ರೀಮಂತರ ಸ್ವಂತ ಆಸ್ತಿಯಲ್ಲ, ಹಳ್ಳಿಯಲ್ಲೂ ಇರಬೇಕು, ಯಾರೂ ಹುಡುಕಿಲ್ಲ ಅಷ್ಟೇ ಎಂದು ಅವರಿಗೆ ಅನುಮಾನ. ಹುಡುಕುವುದಕ್ಕೆ ಹಣ ಬೇಕೆಂದು ದಿಲ್ಲಿಯ ಒಂದು ಸಂಶೋಧನಾ ಮಂಡಳಿಗೆ ಅರ್ಜಿ ಹಾಕಿದರು. ನಮ್ಮ ರಸ್ತೆಯ ಗುಂಡಿಗೆ ಒಂದು ಬುಟ್ಟಿ ಮಣ್ಣು ಹಾಕಿಸದ ದಿಲ್ಲಿ, ನಮ್ಮ ಕಾಯಿಲೆಗೆ ದುಡ್ಡು ಕೊಟ್ಟುಬಿಟ್ಟಿತು! ಊರಿಗೆ ಊರೇ ಬೆಚ್ಚಿಬಿತ್ತು.

ಆದರೆ ಸಿಕ್ಕಿದ್ದು ಮೊದಲ ಕಂತು ಮಾತ್ರ. ಪರೀಕ್ಷೆಯ ಫಲ ನೋಡಿ ಮಂಡಳಿಯವರಿಗೆ ತೃಪ್ತಿಯಾದರೆ ಮುಂದಿನ ಮೂರು ವರ್ಷಕ್ಕೆ ಹಣ, ಜೊತೆಗೆ ಒಬ್ಬ ನರ್ಸು, ಒಂದು ಜೀಪು. ಆಗದಿದ್ದರೆ ಎಲ್ಲವೂ ಬಂದ್. ನಮ್ಮ ಬೀದಿಯ ಹೆಂಗಸರಿಗೆ ಸಕ್ಕರೆ ಕಾಯಿಲೆಯ ಚಿಂತೆ ಇರಲಿಲ್ಲ, ಜೀಪಿನದಿತ್ತು. ಹಿಂದಿನ ವರ್ಷ ಪ್ರೇಮಮ್ಮನ ಸೊಸೆ ದಾವಣಗೆರೆ ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲೇ ಹೆತ್ತಿದ್ದಳು. ಮಗುವಿಗೂ ಟಿಕೆಟ್ ಆಗಬೇಕೇನೋ ಎಂದು ಕಂಡಕ್ಟರ್ ಯೋಚಿಸುತ್ತ ನಿಂತಿದ್ದನಂತೆ. ಅದಾದ ಮೇಲೆ ಬೀದಿಯ ಬಸುರಿಯರೆಲ್ಲ ಬಸ್ಸಿನ ಹಾರ್ನ್ ಕೇಳಿದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಮನೆಮನೆಗೂ ತಿರುಗಲು ಡಾಕ್ಟರಿಗೆ ಒಬ್ಬ ಸಹಾಯಕ ಬೇಕಾಗಿತ್ತು. ಕೆಲಸ ಗಿಡ್ಡಪ್ಪನಿಗೆ ಸಿಕ್ಕಿತು. ಸಿಕ್ಕಿದ ವಾರದಲ್ಲೇ ಮನೆಯ ಬಾಗಿಲಿಗೆ ಬೋರ್ಡು ಬಂತು: 'ಗಿಡ್ಡಪ್ಪ, ಸಂಶೋಧಕರು, ದಿಲ್ಲಿ.' ಅವನ ಹೆಂಡತಿ ತಿಪ್ಪಮ್ಮ ಅದರ ಮೊಳೆಗೆ ಒದ್ದೆ ಬಟ್ಟೆ ನೇತುಹಾಕಿದಳು. ಸಂಶೋಧನೆಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಆ ಮನೆಯಲ್ಲಿ ಸಿಗಲಿಲ್ಲ.

ಮೊದಲ ಕೆಲಸ ಸುಲಭದ್ದು. ಪ್ರತಿ ಮನೆಗೂ ಒಂದೊಂದು ಕಂದು ಗಾಜಿನ ಬಾಟಲಿ ಕೊಡುವುದು, ಮನೆಯ ಹಿರಿಯರ ಮೂತ್ರವನ್ನು ಮರುದಿನ ಬೆಳಿಗ್ಗೆ ಅದರಲ್ಲಿ ಹಿಡಿಸಿ ತರುವುದು. ಏನು ಹೇಳಬೇಕೆಂದು ಡಾಕ್ಟರು ಎರಡೆರಡು ಸಲ ಬಿಡಿಸಿ ಹೇಳಿದರು. ಗಿಡ್ಡಪ್ಪ, "ಅದನ್ನೇನು ಹೇಳಿಕೊಡ್ತೀರಮ್ಮಾ, ನಾನೇನು ನಿನ್ನೆ ಹುಟ್ಟಿದೋನಾ?" ಎಂದು ಬುಟ್ಟಿ ಎತ್ತಿಕೊಂಡು ನಮ್ಮ ಬೀದಿಗೆ ಬಂದ.

ಮೊದಲ ಮನೆಯೇ ಕಲ್ಲಮ್ಮನವರದು. ಕಲ್ಲಮ್ಮನವರೆಂದರೆ ಬೀದಿಗೇ ಅತ್ತೆ. ಅವರು ಜಗುಲಿಯ ಮೇಲೆ ಕೂತಿದ್ದರೆ ಗಂಡಸರು ಬೀಡಿ ಎಸೆದು, ಲುಂಗಿ ಇಳಿಸಿಕೊಂಡು ಹಾದುಹೋಗುತ್ತಿದ್ದರು. ಅವರ ಮುಂದೆ ನಿಂತು, ತುಂಬಿದ ಹಗಲಿನಲ್ಲಿ, ಆ ಮಾತನ್ನು ಹೇಗೆ ಆಡುವುದು? ಗಿಡ್ಡಪ್ಪ ಬಾಟಲಿಯನ್ನು ಟವಲಿನಲ್ಲಿ ಮರೆಮಾಡಿಕೊಂಡ. ನೆಲ ನೋಡಿದ, ತೊಲೆ ನೋಡಿದ.

"ಏನೋ ಗಿಡ್ಡಪ್ಪಾ, ಕೈಯಾಗೆ?"

"ಬಾಟ್ಲಿ ಕಣಮ್ಮಾ. ಡಾಕ್ಟರಮ್ಮ ಕಳ್ಸಿದ್ರು."

"ಯಾತಕ್ಕೆ?"

"ಅದು... ನಿಮಗೆ ಗೊತ್ತಿರೋದೇ. ಇಲ್ಲಿ ಇಟ್ಟು ಹೋಗ್ತೀನಿ. ಬೆಳಿಗ್ಗೆ ಬಂದು ಒಯ್ತೀನಿ. ಬಾಯಿ ಬಿಟ್ಟು ಹೇಳಾಕೆ ನಾಚಿಕೆ ಆಗ್ತೈತೆ."

ಇಷ್ಟು ಹೇಳಿ, ಎಲ್ಲವನ್ನೂ ಹೇಳಿದಂತಾಯಿತು ಎಂಬ ನೆಮ್ಮದಿಯಿಂದ ಮುಂದಿನ ಮನೆಗೆ ಓಡಿದ. ಅಲ್ಲೂ ಅದನ್ನೇ ಹೇಳಿದ. ಬೀದಿಯ ಕೊನೆಯವರೆಗೂ ಅದನ್ನೇ ಹೇಳಿದ.

ಕಲ್ಲಮ್ಮನವರು ಬಾಟಲಿ ಹಿಡಿದು ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಮನೆಯಲ್ಲಿ ಹಯನಿಲ್ಲದವರು ನೆರೆಮನೆಗೆ ಖಾಲಿ ತಂಬಿಗೆ ಕಳಿಸುವುದುಂಟು. ಬಂದವರು ತಂಬಿಗೆಯನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಊರಿನ ಸುದ್ದಿಯೆಲ್ಲ ಆಡುತ್ತಾರೆ, ಮಜ್ಜಿಗೆಯ ಸುದ್ದಿ ಒಂದನ್ನು ಬಿಟ್ಟು. ಕೊಡುವವರೂ ಕೇಳುವುದಿಲ್ಲ. ತಂಬಿಗೆ ಇಸಿದುಕೊಂಡು ತುಂಬಿಸಿ ಕಳಿಸುತ್ತಾರೆ. ಖಾಲಿ ಪಾತ್ರೆ ಬಂದ ಹಾಗೆಯೇ ಹೋದರೆ ಮನೆಯ ಮಾನ ಅದರ ಜೊತೆ ಹೋಯಿತು ಎಂದು ಲೆಕ್ಕ.

ಅವರು ಪಕ್ಕದ ಮನೆಯ ಪ್ರೇಮಮ್ಮನನ್ನು ಕೂಗಿ ಕರೆದರು. "ನೋಡಿದ್ಯೇನೇ? ಪಾಪ, ಒಂಟಿ ಹೆಣ್ಮಗಳು. ಮನೆಯಾಗೆ ಹಸ ಇಲ್ಲ, ಎಮ್ಮೆ ಇಲ್ಲ. ಕೇಳಾಕೆ ಬಾಯಿ ಬಂದಿಲ್ಲ, ಬಾಟ್ಲಿ ಕಳ್ಸೈತೆ. ಒಂದು ವರ್ಷದಿಂದ ನಮಗೆ ಹೊಳೀಲೇ ಇಲ್ವಲ್ಲೇ!"

"ನಮ್ಮನೆಗೂ ಬಂದೈತೆ ಕಣಕ್ಕಾ. ಮಜ್ಜಿಗೆ ಹಾಕ್ಲಾ?"

"ನನ್ನ ಸೊಸೆಗೆ ಬಾಣಂತನ ಮಾಡಿದ ಕೈ ಅದು. ಅದಕ್ಕೆ ಮಜ್ಜಿಗೆ ಹಾಕ್ತೀಯೇನೇ?"

ಕಲ್ಲಮ್ಮನವರು ಆಗತಾನೇ ಕಾಯಿಸಿದ ಆಕಳ ತುಪ್ಪ ಹುಯ್ದು ಬಿರಡೆ ಒತ್ತಿದರು. ಸುದ್ದಿ ತಿಳಿದ ಮೇಲೆ ಪ್ರೇಮಮ್ಮ ಹಿಂದೆ ಬೀಳುವುದುಂಟೇ? ಅವಳದು ಜೇನುತುಪ್ಪ. ಕಸ್ತೂರಮ್ಮನದು ಏಲಕ್ಕಿ ಹಾಕಿದ ಬೆಲ್ಲದ ಪಾನಕ. ಅಡಿಕೆ ವ್ಯಾಪಾರದ ಶಿವಮೂರ್ತಪ್ಪನವರ ಮನೆಯಲ್ಲಿ ಹೆಂಗಸರು ತವರಿಗೆ ಹೋಗಿದ್ದರು. ಅವರಿಗೆ ಹಾಲು ಎಲ್ಲಿದೆ, ತುಪ್ಪ ಎಲ್ಲಿದೆ ಗೊತ್ತಿಲ್ಲ. ಗೊತ್ತಿದ್ದದ್ದು ಹಿತ್ತಿಲಿನ ಹಂಡೆ ಒಂದೇ, ಅದರಲ್ಲಿ ಅಡಿಕೆ ಬೇಯಿಸಿದ ಚೊಗರು ಕುದಿಯುತ್ತಿತ್ತು. ರಕ್ತ ಹೆಪ್ಪಾದಂಥ ಬಣ್ಣದ ಆ ರಸವನ್ನು, "ಡಾಕ್ಟರಮ್ಮ ಏನಾದ್ರೂ ಔಷಧಕ್ಕೆ ಹಾಕ್ಕಳ್ಳಲಿ, ಈ ಸಲದ ಚೊಗರು ಭಾಳ ಚಲೋ ಐತೆ" ಎಂದು ಬಾಟಲಿಗೆ ತುಂಬಿದರು.

ಮರುದಿನ ಬೆಳಿಗ್ಗೆ ಗಿಡ್ಡಪ್ಪ ಮೂಗಿಗೆ ಟವಲ್ ಬಿಗಿದುಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು, ಎರಡೇ ಬೆರಳಿನಲ್ಲಿ ಬಾಟಲಿ ಹಿಡಿದು ಬುಟ್ಟಿಗಿಟ್ಟ. ಇಷ್ಟು ಒಳ್ಳೆಯ ಪದಾರ್ಥ ಕೊಟ್ಟರೆ ಇವನೇಕೆ ಹೀಗೆ ಮಾಡುತ್ತಾನೆ ಎಂದು ಬೀದಿಯವರಿಗೆ ಅರ್ಥವಾಗಲಿಲ್ಲ. ಸಂಶೋಧಕರಲ್ಲವೇ, ಇರಬಹುದು ಎಂದುಕೊಂಡರು.

ಬುಟ್ಟಿಯನ್ನು ಶಿವಮೊಗ್ಗದ ಒಂದು ಪ್ರಯೋಗಶಾಲೆಗೆ ಮುಟ್ಟಿಸಬೇಕಾಗಿತ್ತು. ಗಿಡ್ಡಪ್ಪ ಬಸ್ಸಿನಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತ. ಬಿಸಿಲೇರಿತು, ಒಂದು ಬಿರಡೆ ಸಡಿಲವಾಯಿತು. ಪಕ್ಕದಲ್ಲಿದ್ದ ಹೊನ್ನಾಳಿಯ ಮುದುಕರೊಬ್ಬರು ಮೂಗರಳಿಸಿದರು.

"ಏನ್ರೀ ಅದು, ಘಮ್ಮಂತೈತೆ?"

"ಏನೂ ಇಲ್ರಿ. ಮುಟ್ಟಬ್ಯಾಡ್ರಿ."

"ಯಾರ ಮನೇದ್ರೀ?"

"ಕಲ್ಲಮ್ಮನೋರ್ದು."

"ಭಾಗ್ಯವಂತರು ಬಿಡ್ರಿ. ಒಂದು ಹನಿ ಅಂಗೈಗೆ ಹಾಕ್ರಲ್ಲ, ರುಚಿ ನೋಡ್ತೀನಿ."

ಹೊನ್ನಾಳಿಯ ಜನ ಇಂಥವರು ಎಂದು ಗಿಡ್ಡಪ್ಪನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಬುಟ್ಟಿಯನ್ನು ಎದೆಗವಚಿಕೊಂಡು ಎದ್ದು, ಬಾಗಿಲಲ್ಲಿ ಜೋತಾಡುತ್ತಲೇ ಶಿವಮೊಗ್ಗ ತಲುಪಿದ.

ಪ್ರಯೋಗಶಾಲೆಯ ಯಜಮಾನರು ನಿಯಮದ ಮನುಷ್ಯ. ಬಾಟಲಿಯ ಮೇಲೆ ಗಿಡ್ಡಪ್ಪ ಆಮೇಲೆ ಅಂಟಿಸಿದ ಚೀಟಿ 'ಮೂತ್ರ' ಎಂದಿದ್ದರೆ ಅವರ ಪಾಲಿಗೆ ಅದು ಮೂತ್ರ. ಕುದಿಸಿದರು, ಸೋಸಿದರು, ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ ಒಂದು ತಂತಿ ನಮ್ಮ ಡಾಕ್ಟರಿಗೆ, ಒಂದು ಜಿಲ್ಲೆಯ ಆರೋಗ್ಯದ ಸಾಹೇಬರಿಗೆ, ಒಂದು ದಿಲ್ಲಿಗೆ.

ನಮ್ಮೂರಿನ ಟಪಾಲಿನ ರಂಗಣ್ಣ ತಂತಿಯನ್ನು ವಿಳಾಸದವರಿಗೆ ಮುಟ್ಟಿಸುವ ಮೊದಲು ದಾರಿಯಲ್ಲಿ ಸಿಕ್ಕವರಿಗೆಲ್ಲ ಅರ್ಥ ಹೇಳುವವನು. ಮರುದಿನ ಬೆಳಿಗ್ಗೆ ಬೀದಿಯ ನಡುವೆ ಸೈಕಲ್ ನಿಲ್ಲಿಸಿ ಓದಿದ: "'ಮಾದರಿ ಭಯಂಕರ. ಒಬ್ಬರದು ಹೆಪ್ಪುಗಟ್ಟಿದೆ. ಒಬ್ಬರದು ಕಪ್ಪುಕೆಂಪು. ಉಳಿದವರದು ಸಕ್ಕರೆ ಪಾಕ. ಯಾರಾದರೂ ಬದುಕಿದ್ದರೆ ತಿಳಿಸಿ.'"

ಕಸ್ತೂರಮ್ಮ ಹೊಸ್ತಿಲ ಮೇಲೇ ಕುಸಿದಳು.

"ಯಾರದ್ದೋ ಅದು ಮಾದರಿ ಅಂದ್ರೆ?" ಎಂದರು ಕಲ್ಲಮ್ಮನವರು.

"ಈ ಬೀದಿದೇ ಕಣಮ್ಮಾ. ಎಲ್ಲಾರ್ದೂ."

ಎಲ್ಲರೂ ಗಿಡ್ಡಪ್ಪನನ್ನು ಹಿಡಿದು ಕೇಳಿದರು. ಅವನ ಮುಖ ಬಿಳುಚಿಕೊಂಡಿತ್ತು. "ನಾನು ಸಂಶೋಧಕ, ಸುಳ್ಳು ಹೇಳಾಕೆ ಬರಲ್ಲ. ನಿಮ್ಮ ಒಳಗಿರೋದನ್ನ ದಿಲ್ಲಿಯೋರು ಕಂಡುಹಿಡಿದವ್ರೆ. ಧೈರ್ಯ ತಂದ್ಕಳ್ರಿ" ಎಂದು ತಾನೇ ಮೊದಲು ಅತ್ತ.

ಸಾವಿನ ಸುದ್ದಿಗೆ ನಮ್ಮಲ್ಲಿ ಬಸ್ಸು ಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊನ್ನಾಳಿಯ ಬೀಗರು ಬಂದರು, ಚನ್ನಗಿರಿಯ ಅಳಿಯಂದಿರು ಬಂದರು. ನ್ಯಾಮತಿಯಿಂದ ಕಲ್ಲಮ್ಮನವರ ತಮ್ಮ ಮರುಳಪ್ಪ ಬೀದಿಯ ತುದಿಯಿಂದಲೇ "ಅಕ್ಕಾ, ಹೋದ್ಯಾ ಅಕ್ಕಾ!" ಎಂದು ಎದೆ ಬಡಿದುಕೊಳ್ಳುತ್ತ ಬಂದ. ಅಕ್ಕ ಜಗುಲಿಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು.

"ಎಲ್ಲಿಗೋ ಹೋಗಲಿ ನಾನು?"

ಮರುಳಪ್ಪ ಬೆಪ್ಪಾಗಿ ನಿಂತ. ಆದರೆ ಅಷ್ಟು ದೂರದಿಂದ ಕಟ್ಟಿಕೊಂಡು ಬಂದ ಅಳುವನ್ನು ವಾಪಸ್ ಒಯ್ಯುವುದು ಹೇಗೆ? ಅಕ್ಕನ ಕಾಲ ಬಳಿ ಕೂತು ಪೂರ್ತಿ ಅತ್ತ. ಮುಗಿದ ಮೇಲೆ, "ಕೈಬಳೆ ಯಾರಿಗೆ ಅಂತ ಹೇಳಿಟ್ಟಿದೀಯೇನಕ್ಕಾ?" ಎಂದು ಮೆತ್ತಗೆ ಕೇಳಿ, ಅಕ್ಕನ ಮೆಣಸಿನಕಾಯಿಯ ಕೈಯಿಂದಲೇ ಕೆನ್ನೆಗೆ ಏಟು ತಿಂದ.

ಅಷ್ಟರಲ್ಲಿ ಜೀಪಿನ ಸದ್ದು. ಎರಡು ವರ್ಷದ ಹಿಂದೆ, ಎಮರ್ಜೆನ್ಸಿಯಲ್ಲಿ, ಇಂಥದೇ ಜೀಪಿನಲ್ಲಿ ಹಿಡಿದೊಯ್ದು ಮಾಡಿದ ಸಂತಾನಹರಣದ ಆಪರೇಷನ್ನಿನ ನೆನಪು ನಮ್ಮ ಗಂಡಸರಿಗೆ ಇನ್ನೂ ಹಸಿಯಾಗಿತ್ತು. ಸಾಯುತ್ತಿದ್ದೇವೆಂದು ಮಲಗಿದ್ದವರೆಲ್ಲ ದಡಕ್ಕನೆ ಎದ್ದು, ಹಿತ್ತಿಲ ಗೋಡೆ ಹಾರಿ ತೋಟ ಸೇರಿದರು. ಸಿಕ್ಕಿಬಿದ್ದವರು ಶಿವಮೂರ್ತಪ್ಪ ಒಬ್ಬರೇ. ಅಂಗಳದಲ್ಲಿ ಅಡಿಕೆ ಹರವಿತ್ತು, ಬಿಟ್ಟು ಓಡುವ ಮನಸ್ಸಾಗಲಿಲ್ಲ.

ಜೀಪಿನಿಂದ ಆರೋಗ್ಯದ ಸಾಹೇಬರು ಇಳಿದು, ಬೀದಿಯೊಳಕ್ಕೆ ಕಾಲಿಡದೆ ಮೂಗಿಗೆ ಕರ್ಚೀಫು ಹಿಡಿದು ಅಲ್ಲಿಂದಲೇ ಕೂಗಿದರು. "ಕಪ್ಪುಕೆಂಪು ಯಾರು? ಯಾರ್ರೀ ಕಪ್ಪುಕೆಂಪು?"

ಗಿಡ್ಡಪ್ಪ ಪಟ್ಟಿ ನೋಡಿ ಶಿವಮೂರ್ತಪ್ಪನವರ ಕಡೆ ಬೆರಳು ಮಾಡಿದ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

"ಈತ ನಿಂತಿದ್ದಾನಲ್ರೀ! ಹೆಂಗೆ ನಿಂತಿದ್ದಾನೆ? ಮಲಗಿಸ್ರೀ ಅವನನ್ನ!"

ಜೀಪಿನಲ್ಲಿದ್ದ ಇಬ್ಬರು ಆಳುಗಳು ಬಂದು ಶಿವಮೂರ್ತಪ್ಪನವರನ್ನು ಸ್ಟ್ರೆಚರಿನ ಮೇಲೆ ಕೆಡವಿದರು. ಮೂಟೆ ಹೊತ್ತು ಬೆಳೆದ ದೇಹ ಅದು, ಸ್ಟ್ರೆಚರು ನಡುವೆ ಹರಿಯಿತು. ಮೂರನೆಯವನು ಬೀದಿಗೆಲ್ಲ ಬ್ಲೀಚಿಂಗ್ ಪುಡಿ ಎರಚುತ್ತ ಬಂದು ಅಂಗಳದ ಅಡಿಕೆಯ ಮೇಲೂ ಎರಚಿದ. ಕಪ್ಪುಕೆಂಪಿನ ಆ ರೋಗಿ ಆಗ ಎದ್ದು ನಿಂತು ಮೂವರನ್ನೂ ಅಂಗಳದ ತುಂಬ ಅಟ್ಟಾಡಿಸಿದ್ದನ್ನು ಸಾಹೇಬರು, ರೋಗದ ಕೊನೆಯ ಹಂತದ ಲಕ್ಷಣವೆಂದು ಬರೆದುಕೊಂಡರು.

ಜೀಪಿನ ಹಿಂದೆಯೇ ಒಂದು ಕಾರು ಬಂದು ನಿಂತಿತು. ಅದರಲ್ಲಿದ್ದವರು ದಿಲ್ಲಿ ಮಂಡಳಿಯ ದೊಡ್ಡ ಡಾಕ್ಟರು. ಬೆಂಗಳೂರಿಗೆ ಬಂದಿದ್ದವರು ತಂತಿಯ ಸುದ್ದಿ ಕೇಳಿ ನೇರ ಇಲ್ಲಿಗೇ ಬಂದಿದ್ದರು. ಜೊತೆಯಲ್ಲಿ ನಮ್ಮ ಡಾಕ್ಟರ್ ಶಂಕರಮ್ಮ. ಅವರ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ದಿಲ್ಲಿಯವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಮೇಲೆ ಅವರೇ ನಮಗೆ ಹೇಳಿದರು: ಇಂಥ ಫಲಿತಾಂಶ ಪ್ರಪಂಚದಲ್ಲಿ ಎಲ್ಲೂ ಇಲ್ಲ. ನಿಜವಾದರೆ ಹಣ ಎಷ್ಟು ಬೇಕಾದರೂ ಕೊಡುತ್ತೇವೆ. ಎಡವಟ್ಟಾಗಿದ್ದರೆ ಇವತ್ತೇ ಸಂಶೋಧನೆ ಬಂದ್.

ಡಾಕ್ಟರಮ್ಮನನ್ನು ಕಂಡದ್ದೇ ಕಲ್ಲಮ್ಮನವರು ಜಗುಲಿಯಿಂದ ಇಳಿದು ಬಂದು ಅವರ ಕೈ ಹಿಡಿದರು.

"ನಾನು ಸತ್ರೆ ಸಾಯ್ತೀನಿ, ಇರ್ಲಿ. ತುಪ್ಪ ಸಾಲ್ತೇನವ್ವಾ? ಇನ್ನೊಂದು ಬಾಟ್ಲಿ ಕಳ್ಸಬಾರ್ದಿತ್ತಾ?"

"ಯಾವ ತುಪ್ಪ ಕಲ್ಲಮ್ಮನೋರೇ?"

"ಅದೇ, ಬಾಟ್ಲಿಗೆ ಹಾಕಿಕೊಟ್ಟಿದ್ದು."

"ನಂದು ಜೇನು" ಎಂದಳು ಪ್ರೇಮಮ್ಮ ಹಿಂದಿನಿಂದ. "ನಂದು ಪಾನಕ." ಹರಿದ ಸ್ಟ್ರೆಚರಿನ ಪಕ್ಕದಿಂದ ಶಿವಮೂರ್ತಪ್ಪ ಗುಡುಗಿದರು: "ನಂದು ಚೊಗರು! ಮೊದಲನೇ ಕುದಿದು!"

ಡಾಕ್ಟರ್ ಶಂಕರಮ್ಮ ಮೆಲ್ಲಗೆ ಗಿಡ್ಡಪ್ಪನ ಕಡೆ ತಿರುಗಿದರು. ಗಿಡ್ಡಪ್ಪ ಗೋಡೆಯ ಕಡೆ ತಿರುಗಿದ. ಆ ಗೋಡೆ ಬಾಯಿ ತೆರೆದು ತನ್ನನ್ನು ನುಂಗಿದ್ದರೆ ಅವನು ಕೈಮುಗಿದು ಒಳಗೆ ಹೋಗುತ್ತಿದ್ದ.

"ಏನು ಹೇಳಿ ಬಾಟ್ಲಿ ಕೊಟ್ಟೆ ಗಿಡ್ಡಪ್ಪಾ?"

"ನಿಮಗೆ ಗೊತ್ತಿರೋದೇ ಅಂದೆ ಕಣಮ್ಮಾ."

ಡಾಕ್ಟರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಯಾರಿಗೂ ತಿಳಿಯಲಿಲ್ಲ, ಎರಡೂ ಇತ್ತೆಂದು ಕಾಣುತ್ತದೆ. ಆಮೇಲೆ ದಿಲ್ಲಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದಿಲ್ಲಿಯವರು ನಗಲಿಲ್ಲ. ಫೈಲಿಗೆ ದಾರ ಸುತ್ತತೊಡಗಿದರು.

ದಾರ ಸುತ್ತುವುದೆಂದರೆ ಏನೆಂದು ಸರ್ಕಾರಿ ಕಚೇರಿ ಕಂಡ ಎಲ್ಲರಿಗೂ ಗೊತ್ತು. ಜೀಪು ಹೋಯಿತು, ನರ್ಸು ಹೋದಳು, ಇಂಥ ಅವಮಾನದ ಮೇಲೆ ಡಾಕ್ಟರಮ್ಮನೂ ಊರು ಬಿಟ್ಟು ಹೋದ ಹಾಗೆಯೇ. ಪ್ರೇಮಮ್ಮನ ಸೊಸೆ ಮಗುವನ್ನು ಎದೆಗೊತ್ತಿಕೊಂಡು ನೋಡುತ್ತಿದ್ದಳು. ಗಿಡ್ಡಪ್ಪನಿಗೆ ಏನಾಯಿತೋ. ಮೈಮೇಲೆ ಬಂದವನಂತೆ ಬೀದಿಯ ನಡುವೆ ನುಗ್ಗಿ, ಕಲ್ಲಮ್ಮನವರ ಮುಖವನ್ನೇ ನೋಡುತ್ತ, ತೋಟದಲ್ಲಿ ಅಡಗಿದ್ದವರಿಗೂ ಕೇಳುವಂತೆ ಕಿರುಚಿದ.

"ಉಚ್ಚೆ ಬೇಕಾಗಿತ್ತು ಕಣ್ರೀ! ನಿಮ್ಮೆಲ್ಲಾರ ಉಚ್ಚೆ! ಹೇಳಾಕೆ ಬಾಯಿ ಬರಲಿಲ್ಲ ನನಗೆ! ಈಗ ಕೊಟ್ರೆ ಡಾಕ್ಟರಮ್ಮ ಉಳೀತಾರೆ, ಇಲ್ಲಾಂದ್ರೆ ಇಲ್ಲ!"

ಬೀಗರು ಕಿವಿ ಮುಚ್ಚಿಕೊಂಡರು. ಕಲ್ಲಮ್ಮನವರು ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಥೂ ನಿನ್ನ! ಇಷ್ಟಕ್ಕೆ ನನ್ನ ತುಪ್ಪ ಹಾಳು ಮಾಡಿದ್ಯಾ? ತಾರೋ ಬಾಟ್ಲಿ ಇಲ್ಲಿ. ನೀನು ಮೊದಲು ಹೋಗಿ ಬಾ, ನಾಚಿಕೆ ಬಿಡಿಸ್ತೀನಿ ನಿಂಗೆ."

ಪರೀಕ್ಷೆ ಅವರ ಜಗುಲಿಯ ಮೇಲೇ, ದಿಲ್ಲಿಯವರನ್ನು ಕೂರಿಸಿಕೊಂಡೇ ನಡೆಯಿತು. ಡಾಕ್ಟರಮ್ಮ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಗಿಡ್ಡಪ್ಪ ತಂದದ್ದರ ಕೆಲವು ಹನಿ ಬಿಟ್ಟು ಕಾಯಿಸಿದರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದಂತೆ ಹಳದಿ ಹೋಗಿ ಸುಟ್ಟ ಇಟ್ಟಿಗೆಯ ಕೆಂಪು ಬಂತು. ಜನ ಚಪ್ಪಾಳೆ ತಟ್ಟಿದರು.

"ಶಭಾಷ್ ಗಿಡ್ಡಪ್ಪಾ! ಏನು ಬಣ್ಣ ಬಂತು ನೋಡ್ರಿ!" ಎಂದರು ಶಿವಮೂರ್ತಪ್ಪ.

ಗಿಡ್ಡಪ್ಪ ಮೀಸೆ ತಿರುವಿದ. ಆಮೇಲೆ ಕಲ್ಲಮ್ಮನವರದು ಕಾಯಿಸಿದರೆ ನೀಲಿ ನೀಲಿಯಾಗಿಯೇ ಉಳಿಯಿತು. "ಇನ್ನೊಂದು ಸ್ವಲ್ಪ ಉರಿ ಜಾಸ್ತಿ ಮಾಡವ್ವಾ" ಎಂದು ಅವರು ಮುಖ ಸಪ್ಪಗೆ ಮಾಡಿಕೊಂಡರು. ಪ್ರೇಮಮ್ಮನದೂ ನೀಲಿ. ತೋಟದಿಂದ ಒಬ್ಬೊಬ್ಬರೇ ಬಂದು ಕೊಟ್ಟವರದೂ ನೀಲಿಯೇ. ಶಿವಮೂರ್ತಪ್ಪನವರಿಗೆ ಅವಮಾನವಾಗಿ ಇನ್ನೊಂದು ಸಲ ಹೋಗಿ ಬಂದರು, ಆದರೂ ನೀಲಿ. ಇಡೀ ಬೀದಿಯಲ್ಲಿ ಗೆದ್ದವನು ಒಬ್ಬನೇ.

ಆಗ ಯಾರೋ ಡಾಕ್ಟರಮ್ಮನ ಮುಖ ನೋಡಿದರು. ಚಪ್ಪಾಳೆ ನಿಂತಿತು.

"ಗಿಡ್ಡಪ್ಪಾ, ಕೂತ್ಕೋ. ಕೆಂಪು ಬಂದ್ರೆ ಒಳ್ಳೇದಲ್ಲಪ್ಪ. ನಿನಗೆ ಸಕ್ಕರೆ ಕಾಯಿಲೆ ಐತೆ. ಭಾಳ ದಿನದಿಂದ ಇದ್ದಂಗೈತೆ."

ಬೆಳಿಗ್ಗೆ ಎಲ್ಲರಿಗೂ ಧೈರ್ಯ ಹೇಳಿ ತಾನೇ ಮೊದಲು ಅತ್ತವನು, ಇಡೀ ಬೀದಿಯಲ್ಲಿ ರೋಗಿ ಅವನೊಬ್ಬನೇ! ಗುಂಪನ್ನು ಸೀಳಿಕೊಂಡು ತಿಪ್ಪಮ್ಮ ಬಂದಳು. "ಅದಕ್ಕೇ ಕೊಡಗಟ್ಲೆ ನೀರು ಕುಡೀತಿದ್ದಾನೆ ಕಣ್ರೀ. ಕಾಲು ಉರಿ ಅಂತ ಗೋಳಾಡ್ತಿದ್ದ. ಕೆಲಸಗಳ್ಳ ಅಂತ ಬೈದೆನಲ್ರೀ ನಾನು" ಎಂದು ಅವನ ತಲೆಯನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಆ ಅಳುವಿನ ಮುಂದೆ ನೆಂಟರ ಅಳುವೆಲ್ಲ ನಾಟಕದ್ದು ಎನಿಸಿ ನಮಗೆ ನಾಚಿಕೆಯಾಯಿತು.

ದಿಲ್ಲಿಯ ಡಾಕ್ಟರು ಎದ್ದು ಬಂದು ಕೆಂಪು ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನೋ ಹೇಳಿದರು. ಡಾಕ್ಟರಮ್ಮ ನಮಗೆ ತಿಳಿಸಿದರು: ಹಳ್ಳಿಯಲ್ಲಿ ಈ ಕಾಯಿಲೆ ಇರಲು ಸಾಧ್ಯವೇ ಇಲ್ಲ, ಈ ಅರ್ಜಿಗೆ ಹಣ ದಂಡ ಎಂದು ಮಂಡಳಿಯಲ್ಲಿ ಹಟ ಹಿಡಿದಿದ್ದವರು ಇವರೇ ಅಂತೆ. ಒಂದು ಬೀದಿಯಲ್ಲೇ ಹೀಗೆ ಒಬ್ಬ ಸಿಕ್ಕಿದರೆ ತಾಲೂಕಿನಲ್ಲಿ ಎಷ್ಟು ಜನ ಇರಬೇಡ? ಹಣ ನಿಲ್ಲಿಸುವುದಿಲ್ಲ. ಗೆದ್ದ ಸಂತೋಷ ಡಾಕ್ಟರಮ್ಮನ ಮುಖದಲ್ಲಿ ಎಲ್ಲೂ ಇರಲಿಲ್ಲ.

ಗಿಡ್ಡಪ್ಪ ಹೆಂಡತಿಯ ತೋಳಿನಿಂದ ತಲೆ ಬಿಡಿಸಿಕೊಂಡ.

"ಜೀಪು ಬರ್ತೈತೇನಮ್ಮಾ?"

"ಬರ್ತೈತೆ. ನಿನ್ನಿಂದ ಬಂತು ಗಿಡ್ಡಪ್ಪಾ."

"ದಿಲ್ಲಿ ರಿಪೋರ್ಟಿನಾಗೆ ನನ್ನ ಹೆಸರು ಹಾಕ್ತೀರಾ?"

"ರೋಗಿಗಳ ಹೆಸರು ಹಾಕೋ ಹಂಗಿಲ್ಲಪ್ಪಾ. ನಂಬರ್ ಮಾತ್ರ ಹಾಕ್ತೀವಿ."

ಗಿಡ್ಡಪ್ಪ ಟವಲಿನಿಂದ ಕಣ್ಣೊರೆಸಿಕೊಂಡ.

"ಹಂಗಾರೆ ಒಂದನೇ ನಂಬರ್ ನನಗೇ ಹಾಕ್ರಮ್ಮಾ" ಎಂದ. "ಆಮೇಲೆ ಶಿವಮೂರ್ತಪ್ಪನೋರಿಗೆ ಕಾಯಿಲೆ ಬಂದ್ರೂ ಅದನ್ನ ಬಿಟ್ಟುಕೊಡಬ್ಯಾಡ್ರಿ."